ಎರಡು ಕೋಣೆಗಳ ನಡುವೆ: ಅಣ್ವಸ್ತ್ರ ಸಂಧಾನದಲ್ಲಿ ನಮ್ಮ ನೆರೆಯ ಒಮಾನ್

ಫಿಂಟಾಸ್‌ನ ನಮ್ಮ ಮನೆಯಿಂದ ಕಡಲತೀರಕ್ಕೆ ನಡೆದೇ ಹೋಗಬಹುದು. ಬಿಸಿಲು ಇಳಿದ ಮೇಲೆ ಮಕ್ಕಳನ್ನು ಕರೆದುಕೊಂಡು ದಂಡೆಗೆ ಹೋಗುವ ಕನ್ನಡ ಕುಟುಂಬಗಳು ಇಲ್ಲಿಯೂ ಪಕ್ಕದ ಮಹಬೂಲಾ, ಮಂಗಾಫ್, ಫಾಹಾಹೀಲ್‌ಗಳಲ್ಲಿಯೂ ಸಾಕಷ್ಟಿವೆ. 2025ರ ಜೂನ್ 13, ಶುಕ್ರವಾರ. ರಜೆಯ ದಿನ. ಬೆಳಿಗ್ಗೆ ಏಳುವಷ್ಟರಲ್ಲಿ ಇರಾನಿನ ಮೇಲೆ ಇಸ್ರೇಲ್ ದಾಳಿ ಮಾಡಿದ ಸುದ್ದಿ ಬಂದಿತ್ತು. ಮುಂದಿನ ದಿನಗಳಲ್ಲಿ ವಾಟ್ಸ್ಆ್ಯಪ್ ಗುಂಪುಗಳ ತುಂಬ ಒಂದೇ ಮಾತು: ಕುಡಿಯುವ ನೀರು ತಂದಿಟ್ಟುಕೊಂಡಿರಾ, ಕಿಟಕಿಗೆ ಅಂಟಿಸುವ ಟೇಪ್ ಇದೆಯಾ, ಪಾಸ್‌ಪೋರ್ಟುಗಳು ಒಂದೇ ಕಡೆ ಇವೆಯಾ. ಊರಿನಿಂದ ಅಮ್ಮ ಫೋನ್ ಮಾಡಿ, "ಮಗಾ, ಇರಾನ್ ನಿಮಗೆ ಎಷ್ಟು ದೂರ?" ಎಂದು ಕೇಳಿದರು. ದೂರ ಇದೆ ಅಮ್ಮಾ ಎಂದು ಹೇಳಿ ಫೋನ್ ಇಟ್ಟೆ. ಆಮೇಲೆ ಭೂಪಟ ತೆಗೆದು ನೋಡಿದಾಗ ನಾನು ಹೇಳಿದ್ದು ಸುಳ್ಳು ಎಂದು ತಿಳಿಯಿತು.

ಅದೇ ವಾರಾಂತ್ಯ, ಜೂನ್ 15ರ ಭಾನುವಾರ, ಮಸ್ಕತ್‌ನಲ್ಲಿ ಒಂದು ಸಭೆ ನಡೆಯಬೇಕಿತ್ತು. ಅಮೆರಿಕ ಮತ್ತು ಇರಾನ್ ನಡುವಿನ ಪರಮಾಣು ಮಾತುಕತೆಯ ಆರನೆಯ ಸುತ್ತು ಅದು. ದಿನ ನಿಗದಿಯಾಗಿತ್ತು, ಮನೆ ಸಿದ್ಧವಾಗಿತ್ತು, ಸಭೆ ಮಾತ್ರ ನಡೆಯಲಿಲ್ಲ. ಆ ಸಭೆಯನ್ನು ಕರೆದಿದ್ದ ಒಮಾನ್ ಎಂಬ ಚಿಕ್ಕ ದೇಶ ಹದಿಮೂರು ವರ್ಷಗಳಿಂದ ಏನು ಮಾಡುತ್ತಿತ್ತು, ಅದರಿಂದ ಏನಾಯಿತು, ಏನಾಗಲಿಲ್ಲ ಎಂಬುದನ್ನು ನಮ್ಮ ಸಂಘದ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ನಮಗೂ ಇದಕ್ಕೂ ಏನು ಸಂಬಂಧ?

ಕುವೈತಿನಲ್ಲಿ ನದಿ ಇಲ್ಲ. ಒಂದು ಕಾಲದಲ್ಲಿ ಇಲ್ಲಿನ ಜನ ಶತ್ ಅಲ್-ಅರಬ್ ನದಿಯಿಂದ ಹಾಯಿಹಡಗುಗಳಲ್ಲಿ ಸಿಹಿನೀರು ತರಿಸಿಕೊಂಡು ಕುಡಿಯುತ್ತಿದ್ದರು. 1950ರ ದಶಕದ ಆರಂಭದಲ್ಲಿ ಸಮುದ್ರದ ನೀರನ್ನು ಸಿಹಿಗೊಳಿಸುವ ಘಟಕಗಳು ಬಂದವು. ಇಂದು ನಾವು ಕುಡಿಯುವ ನೀರಿನ ಬಹುಪಾಲು ಬರುವುದು ಅಲ್ ಝೂರ್, ಶುಐಬಾ, ದೋಹಾ, ಸುಬಿಯಾ ಮುಂತಾದ ಕಡೆಗಳ ಇಂಥ ಘಟಕಗಳಿಂದ. ನಮ್ಮ ನಲ್ಲಿಯ ನೀರು, ಅನ್ನಕ್ಕೆ ಇಡುವ ಎಸರು, ದೇವರ ಮುಂದಿನ ತಂಬಿಗೆಯ ನೀರು ಎಲ್ಲಕ್ಕೂ ಮೂಲ ಇದೇ ಕೊಲ್ಲಿ.

ಈ ಕೊಲ್ಲಿಯ ಆಚೆ ದಡದಲ್ಲಿ ಇರಾನಿನ ಬುಶೆಹರ್ ಪರಮಾಣು ವಿದ್ಯುತ್ ಸ್ಥಾವರವಿದೆ. ಅದು ಕುವೈತ್ ನಗರಕ್ಕೆ ಸುಮಾರು 280 ಕಿಲೋಮೀಟರ್ ದೂರ. ಅದರ ಸ್ವಂತ ರಾಜಧಾನಿ ತೆಹರಾನ್ ಅದಕ್ಕಿಂತ ಎಷ್ಟೋ ಹೆಚ್ಚು ದೂರದಲ್ಲಿದೆ. ನಮ್ಮೂರಿನ ಲೆಕ್ಕದಲ್ಲಿ ಹೇಳುವುದಾದರೆ ಬೆಂಗಳೂರಿನಿಂದ ಮಂಗಳೂರಿಗೆ ನೇರ ಹಾರುವಷ್ಟೇ ದೂರ. 1975ರಲ್ಲಿ ಜರ್ಮನ್ ಕಂಪನಿ ಆರಂಭಿಸಿದ ಕೆಲಸ ಕ್ರಾಂತಿಯಿಂದ ನಿಂತು, ಇರಾಕ್ ಯುದ್ಧದಲ್ಲಿ ಬಾಂಬಿನ ಪೆಟ್ಟು ತಿಂದು, ಕೊನೆಗೆ ರಷ್ಯಾದ ನೆರವಿನಿಂದ ಮುಗಿದು, 2011ರಲ್ಲಿ ವಿದ್ಯುತ್ ಜಾಲಕ್ಕೆ ಸೇರಿತು. ಅದು ಬಾಂಬ್ ತಯಾರಿಸುವ ಜಾಗ ಅಲ್ಲ. ಆದರೆ ಯುದ್ಧದಲ್ಲಿ ಅದಕ್ಕೆ ಪೆಟ್ಟು ಬಿದ್ದರೆ ಸಮುದ್ರ ಸೇರುವ ವಿಕಿರಣ ಯಾವ ದೇಶದ ವೀಸಾವನ್ನೂ ಕೇಳುವುದಿಲ್ಲ. 2025ರ ಮಾರ್ಚ್‌ನಲ್ಲಿ ಕತಾರಿನ ಪ್ರಧಾನಿಯವರು, ಹಾಗೇನಾದರೂ ಆದರೆ ತಮ್ಮ ದೇಶಕ್ಕೆ ಮೂರೇ ದಿನಗಳಲ್ಲಿ ನೀರಿಲ್ಲದಂತಾಗುತ್ತದೆ ಎಂದು ಸಂದರ್ಶನವೊಂದರಲ್ಲಿ ಎಚ್ಚರಿಸಿದ್ದರು. ಜೂನ್ ಯುದ್ಧದ ನಡುವೆ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಮುಖ್ಯಸ್ಥ ರಫಾಯೆಲ್ ಗ್ರೋಸ್ಸಿಯವರೂ ಭದ್ರತಾ ಮಂಡಳಿಯ ಮುಂದೆ ಬುಶೆಹರ್ ವಿಷಯದಲ್ಲಿ ಇಂಥದೇ ಎಚ್ಚರಿಕೆ ಕೊಟ್ಟರು.

ಆದ್ದರಿಂದ ಮಸ್ಕತ್‌ನಲ್ಲಿ ಯಾರು ಯಾರೊಂದಿಗೆ ಮಾತಾಡಿದರು ಎನ್ನುವುದು ಟಿವಿಯಲ್ಲಿ ನೋಡಿ ಮರೆಯುವ ಸುದ್ದಿ ಅಲ್ಲ. ಅದು ನಮ್ಮ ಅಡುಗೆಮನೆಯ ನಲ್ಲಿಗೆ ಸಂಬಂಧಿಸಿದ ಸುದ್ದಿ.

ತಕರಾರು ಏನು?

ಕಾರವಾರದ ಕಡೆಯವರಿಗೆ ಕೈಗಾ ಗೊತ್ತು. ಅಲ್ಲಿನ ಸ್ಥಾವರಗಳಲ್ಲಿ ಭಾರಜಲ ಬಳಸುವುದರಿಂದ ಯುರೇನಿಯಂ ಅನ್ನು ಗಣಿಯಲ್ಲಿ ಸಿಕ್ಕ ಗುಣದಲ್ಲೇ ಇಂಧನವಾಗಿ ಉಪಯೋಗಿಸಬಹುದು. ಗಣಿಯ ಯುರೇನಿಯಂನಲ್ಲಿ ಸುಲಭವಾಗಿ ಸಿಡಿಯುವ ಯುರೇನಿಯಂ-235 ಎಂಬ ಅಂಶ ಶೇ. 0.7ರಷ್ಟು ಮಾತ್ರ ಇರುತ್ತದೆ. ಬುಶೆಹರ್‌ನಂಥ ಸ್ಥಾವರಗಳಿಗೆ ಇದು ಸಾಲದು. ಆ ಅಂಶವನ್ನು ಶೇ. 3ರಿಂದ 5ಕ್ಕೆ ಏರಿಸಬೇಕು. ಇದೇ ಯುರೇನಿಯಂ ಸಂವರ್ಧನೆ. ಅತಿ ವೇಗವಾಗಿ ತಿರುಗುವ ಸೆಂಟ್ರಿಫ್ಯೂಜ್ ಯಂತ್ರಗಳ ಸಾಲುಗಳಲ್ಲಿ ಈ ಕೆಲಸ ನಡೆಯುತ್ತದೆ. ಅದೇ ಯಂತ್ರಗಳಲ್ಲಿ ಮತ್ತೆ ಮತ್ತೆ ಹಾಯಿಸಿ ಶೇ. 90ರ ಹತ್ತಿರ ಒಯ್ದರೆ ಬಾಂಬಿನ ಸಾಮಗ್ರಿ ಸಿದ್ಧ. ಮೊಸರು ಕಡೆಯುವ ಕಡಗೋಲು ಒಂದೇ. ಮಜ್ಜಿಗೆಗೆ ನಿಲ್ಲಿಸುತ್ತೀರೋ ಬೆಣ್ಣೆವರೆಗೆ ಹೋಗುತ್ತೀರೋ ಎಂಬುದೇ ಪ್ರಶ್ನೆ.

ಇರಾನ್ 1968ರ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೆ ಮೊದಲ ದಿನವೇ ಸಹಿ ಹಾಕಿದ ದೇಶ. (ಭಾರತ ಆ ಒಪ್ಪಂದಕ್ಕೆ ಇಂದಿಗೂ ಸಹಿ ಹಾಕಿಲ್ಲ ಎನ್ನುವುದನ್ನು ಇಲ್ಲಿ ನೆನಪಿಡಬೇಕು.) ಬಾಂಬ್ ಇರುವವರು ಅದನ್ನು ಕೈಬಿಡುವ ದಾರಿಯಲ್ಲಿ ನಡೆಯಬೇಕು, ಇಲ್ಲದವರು ಮಾಡಿಕೊಳ್ಳಬಾರದು, ಎಲ್ಲರಿಗೂ ಶಾಂತಿಯುತ ಬಳಕೆಯ ಹಕ್ಕು ಇರಬೇಕು: ಇವು ಆ ಒಪ್ಪಂದದ ಮೂರು ಕಾಲುಗಳು. 2002ರಲ್ಲಿ ನತಾಂಜ್ ಎಂಬಲ್ಲಿ ಇರಾನ್ ಸದ್ದಿಲ್ಲದೆ ಸಂವರ್ಧನಾ ಘಟಕ ಕಟ್ಟುತ್ತಿರುವುದು ಬಯಲಾಯಿತು. ಇದು ವಿದ್ಯುತ್ತಿಗಾಗಿ, ನಮ್ಮ ಹಕ್ಕು ಎಂದು ಇರಾನ್ ಹೇಳಿತು. ಇದು ಬಾಂಬಿನ ಹಾದಿ ಎಂದು ಅಮೆರಿಕ ಹೇಳಿತು. ಆರ್ಥಿಕ ನಿರ್ಬಂಧಗಳು ಒಂದರ ಮೇಲೊಂದು ಬಂದವು.

ಜಗಳ ಇರುವ ಇಬ್ಬರು ಎದುರೆದುರು ಕೂತರೆ ಏನಾದರೂ ದಾರಿ ಕಾಣಬಹುದು. ಆದರೆ 1980ರ ಏಪ್ರಿಲ್‌ನಿಂದ ಅಮೆರಿಕ ಮತ್ತು ಇರಾನ್ ನಡುವೆ ರಾಜತಾಂತ್ರಿಕ ಸಂಬಂಧವೇ ಇಲ್ಲ. ತೆಹರಾನಿನಲ್ಲಿ ಅಮೆರಿಕದ ರಾಯಭಾರ ಕಚೇರಿ ಇಲ್ಲ, ವಾಷಿಂಗ್ಟನ್ನಿನಲ್ಲಿ ಇರಾನಿನದು ಇಲ್ಲ. ಜೊತೆಗೆ, ಶತ್ರುವಿನ ಜೊತೆ ಮಾತಾಡಲು ಹೊರಟವರು ಎಂಬ ಅಪವಾದಕ್ಕೆ ಎರಡೂ ಕಡೆಯ ನಾಯಕರು ಹೆದರಬೇಕಿತ್ತು. ಊರಿನಲ್ಲಿ ಅಣ್ಣತಮ್ಮಂದಿರು ಗಡಿಕಲ್ಲಿಗಾಗಿ ಜಗಳವಾಡಿ ಮಾತು ಬಿಟ್ಟಾಗ ಏನಾಗುತ್ತದೆ ಎಂದು ನಮಗೆಲ್ಲ ಗೊತ್ತು. ಇಬ್ಬರ ಮನೆಯಲ್ಲೂ ಕಾಫಿ ಕುಡಿಯುವ ಮೂರನೆಯವರೊಬ್ಬರು ಬೇಕು.

ಒಮಾನ್ ಏಕೆ?

ಒಮಾನ್ ನಮ್ಮ ಕರಾವಳಿಗೆ ಹೊಸದಲ್ಲ. ಮಂಗಳೂರಿನ ಅಕ್ಕಿ ಶತಮಾನಗಳ ಕಾಲ ಮಸ್ಕತ್‌ಗೆ ಹೋಗುತ್ತಿತ್ತು. ಟಿಪ್ಪು ಸುಲ್ತಾನ್ ಮಸ್ಕತ್‌ನಲ್ಲಿ ತನ್ನದೇ ವ್ಯಾಪಾರದ ಕೋಠಿ ಇಟ್ಟಿದ್ದ. ಹಲವು ಕಡೆಯವರೊಂದಿಗೆ ಏಕಕಾಲಕ್ಕೆ ವ್ಯವಹರಿಸುವುದು ಆ ಬಂದರಿನ ಹಳೆಯ ಅಭ್ಯಾಸ.

ಭೂಗೋಳವೂ ಒಮಾನಿಗೆ ಬೇರೆ ದಾರಿ ಬಿಟ್ಟಿಲ್ಲ. ಹೊರ್ಮುಜ್ ಜಲಸಂಧಿಯ ಒಂದು ದಡದಲ್ಲಿ ಇರಾನ್, ಇನ್ನೊಂದು ದಡದಲ್ಲಿ ಒಮಾನಿನ ಮುಸಂದಮ್. ಅತಿ ಕಿರಿದಾದ ಕಡೆ ನಡುವಿನ ಅಂತರ 40 ಕಿಲೋಮೀಟರಿಗಿಂತ ಕಡಿಮೆ. ಇಷ್ಟು ಹತ್ತಿರದ ನೆರೆಯವನ ಜೊತೆ ಜಗಳ ಕಾಯುವುದು ದುಬಾರಿ. 1970ರಲ್ಲಿ ಪಟ್ಟಕ್ಕೆ ಬಂದ ಸುಲ್ತಾನ್ ಕಾಬೂಸ್ ಅವರಿಗೆ ದೊಫಾರ್ ಪ್ರಾಂತ್ಯದ ಬಂಡಾಯ ಅಡಗಿಸಲು ಇರಾನಿನ ಷಾ ಸೈನ್ಯ ಕಳಿಸಿದ್ದರು. 1979ರಲ್ಲಿ ಷಾ ಆಡಳಿತ ಉರುಳಿ ಹೊಸ ಸರ್ಕಾರ ಬಂದರೂ ಒಮಾನ್ ಇರಾನಿನ ಸಂಬಂಧ ಕಡಿದುಕೊಳ್ಳಲಿಲ್ಲ. ಅದೇ ವರ್ಷ ಇಸ್ರೇಲಿನೊಂದಿಗೆ ಒಪ್ಪಂದ ಮಾಡಿಕೊಂಡ ಈಜಿಪ್ಟನ್ನು ಅರಬ್ ದೇಶಗಳು ದೂರ ಇಟ್ಟಾಗಲೂ ಒಮಾನ್ ಅದನ್ನು ಬಿಡಲಿಲ್ಲ. ಇನ್ನೊಂದು ಕಡೆ ಅಮೆರಿಕಕ್ಕೆ ತನ್ನ ಸೇನಾನೆಲೆಗಳ ಬಳಕೆಗೂ ಅವಕಾಶ ಕೊಟ್ಟಿತ್ತು. ಸುನ್ನಿ-ಶಿಯಾ ಎರಡಕ್ಕೂ ಸೇರದ ಇಬಾದಿ ಪರಂಪರೆ ಆ ದೇಶದಲ್ಲಿ ಬಲವಾಗಿರುವುದರಿಂದ, ಆ ತಕರಾರಿನಲ್ಲೂ ಅದನ್ನು ಯಾರೂ ಒಂದು ಪಕ್ಷಕ್ಕೆ ಸೇರಿಸುವಂತಿರಲಿಲ್ಲ.

ಆದರೂ ನಂಬಿಕೆ ಕೇವಲ ಇತಿಹಾಸದಿಂದ ಬರುವುದಿಲ್ಲ. ಚಿಕ್ಕ ಕೆಲಸಗಳಲ್ಲಿ ಅದು ಪರೀಕ್ಷೆಗೆ ಒಳಗಾಗಬೇಕು. 2009ರ ಜುಲೈನಲ್ಲಿ ಇರಾಕ್-ಇರಾನ್ ಗಡಿಯ ಬೆಟ್ಟಗಳಲ್ಲಿ ನಡೆಯುತ್ತಿದ್ದ ಮೂವರು ಅಮೆರಿಕನ್ ಯುವಜನರನ್ನು ಇರಾನ್ ಬಂಧಿಸಿತು. ಅವರ ಬಿಡುಗಡೆಗೆ ಒಮಾನ್ ಕೈಹಾಕಿತು. ಸುಲ್ತಾನರ ದೂತರಾಗಿ ಓಡಾಡಿದವರು ಸಾಲೆಂ ಅಲ್ ಇಸ್ಮಾಯಿಲಿ. 2010ರ ಸೆಪ್ಟೆಂಬರಿನಲ್ಲಿ ಸಾರಾ ಶೌರ್ಡ್, 2011ರ ಸೆಪ್ಟೆಂಬರಿನಲ್ಲಿ ಶೇನ್ ಬವರ್ ಮತ್ತು ಜಾಶ್ ಫಟ್ಟಾಲ್ ಜಾಮೀನಿನ ಮೇಲೆ ಬಿಡುಗಡೆಯಾದರು. ಮೂವರೂ ಜೈಲಿನಿಂದ ಹೊರಬಂದು ಮೊದಲು ಇಳಿದದ್ದು ಮಸ್ಕತ್‌ನಲ್ಲಿ. ಮುಂದೆ ಅಮೆರಿಕದಲ್ಲಿ ಸೆರೆಯಲ್ಲಿದ್ದ ಇರಾನಿನವರೂ ಇದೇ ದಾರಿಯಲ್ಲಿ ಮನೆಗೆ ಮರಳಿದರು. ಮೂವರು ಮಕ್ಕಳನ್ನು ಅವರ ತಾಯಂದಿರಿಗೆ ತಲುಪಿಸಿದ ಈ ಕೆಲಸ ನೋಡಲು ಪರಮಾಣು ವಿಷಯಕ್ಕೆ ಸಂಬಂಧವಿಲ್ಲದ್ದು. ಆದರೆ ಒಮಾನ್ ಮಾತು ಕೊಟ್ಟರೆ ತೆಹರಾನಿನಲ್ಲಿ ನಡೆಯುತ್ತದೆ ಎಂಬುದು ವಾಷಿಂಗ್ಟನ್ನಿಗೆ ಇದರಿಂದ ತಿಳಿಯಿತು.

ಗುಟ್ಟಿನ ದಿನಗಳು

2011ರ ಡಿಸೆಂಬರಿನಲ್ಲಿ ಆಗ ಸೆನೆಟರ್ ಆಗಿದ್ದ ಜಾನ್ ಕೆರಿ ಮಸ್ಕತ್‌ಗೆ ಬಂದು ಸುಲ್ತಾನರನ್ನು ಕಂಡರು. 2012ರ ಜುಲೈನಲ್ಲಿ ಅಮೆರಿಕದ ಇಬ್ಬರು ಅಧಿಕಾರಿಗಳು ಸದ್ದಿಲ್ಲದೆ ಮಸ್ಕತ್‌ಗೆ ಬಂದು ಇರಾನಿನ ಅಧಿಕಾರಿಗಳನ್ನು ಭೇಟಿಯಾದರು. ಒಬ್ಬರು ಜೇಕ್ ಸಲಿವನ್, ಇನ್ನೊಬ್ಬರು ಭಾರತೀಯ ಮೂಲದ ಪುನೀತ್ ತಲ್ವಾರ್. ಆ ಭೇಟಿಯಿಂದ ಹೆಚ್ಚೇನೂ ಹುಟ್ಟಲಿಲ್ಲ. 2013ರ ಮಾರ್ಚ್‌ನಲ್ಲಿ ವಿದೇಶಾಂಗ ಉಪಕಾರ್ಯದರ್ಶಿ ವಿಲಿಯಂ ಬರ್ನ್ಸ್ ನೇತೃತ್ವದ ತಂಡ ಬಂತು. ಇರಾನಿನ ಕಡೆಯಿಂದ ಉಪ ವಿದೇಶಾಂಗ ಸಚಿವ ಅಲಿ ಅಸ್ಗರ್ ಖಾಜಿ ಬಂದರು. ಇರಾನಿನಲ್ಲಿ ಆಗ ಇನ್ನೂ ಅಹ್ಮದಿನೆಜಾದ್ ಅಧ್ಯಕ್ಷರು. ಅಂದರೆ ಸೌಮ್ಯವಾದಿ ಎನಿಸಿಕೊಂಡ ಹಸನ್ ರೂಹಾನಿ ಗೆದ್ದ ಮೇಲೆ ಬಾಗಿಲು ತೆರೆಯಿತು ಎಂದು ನಾವು ಸಾಮಾನ್ಯವಾಗಿ ತಿಳಿದಿರುವುದು ಪೂರ್ತಿ ಸರಿಯಲ್ಲ. ರೂಹಾನಿ ಗೆದ್ದದ್ದು 2013ರ ಜೂನ್‌ನಲ್ಲಿ. ಬಾಗಿಲ ಚಿಲಕ ಅದಕ್ಕೂ ಮೊದಲೇ ಸಡಿಲಾಗಿತ್ತು.

ಆ ವರ್ಷ ಆಗಸ್ಟ್‌ನಲ್ಲಿ ಸುಲ್ತಾನ್ ಕಾಬೂಸ್ ಸ್ವತಃ ತೆಹರಾನಿಗೆ ಹೋದರು. ಸೆಪ್ಟೆಂಬರ್ 27ರಂದು ಒಬಾಮ ಮತ್ತು ರೂಹಾನಿ ಫೋನಿನಲ್ಲಿ ಮಾತಾಡಿದರು. 1979ರ ನಂತರ ಎರಡೂ ದೇಶಗಳ ಅಧ್ಯಕ್ಷರು ಮಾತಾಡಿದ್ದು ಅದೇ ಮೊದಲು. ನವೆಂಬರ್ 24ರಂದು ಜಿನೀವಾದಲ್ಲಿ ಮಧ್ಯಂತರ ಒಪ್ಪಂದ ಆಯಿತು. ಮಸ್ಕತ್‌ನ ಗುಟ್ಟಿನ ಮಾತುಕತೆಗಳ ಸುದ್ದಿ ಪತ್ರಿಕೆಗಳಲ್ಲಿ ಬಂದದ್ದು ಆಗಲೇ. ಅಲ್ಲಿಯವರೆಗೆ ಒಮಾನ್ ಬಾಯಿ ಬಿಟ್ಟಿರಲಿಲ್ಲ.

ಇಲ್ಲಿ ಒಮಾನಿನ ಪಾತ್ರ ಎಷ್ಟು ಎಂಬುದನ್ನು ಅಳತೆ ಮೀರದೆ ಹೇಳಬೇಕು. ಸೆಂಟ್ರಿಫ್ಯೂಜ್ ಎಷ್ಟು ಇರಬೇಕು ಎಂದು ತೀರ್ಮಾನಿಸಿದವರು ಒಮಾನಿನವರಲ್ಲ. ಅವರು ಮನೆ ಕೊಟ್ಟರು, ಆರಂಭದ ಸಂದೇಶಗಳನ್ನು ಒಯ್ದರು, ಹೊರಗೆ ಸುದ್ದಿ ಹೋಗದಂತೆ ನೋಡಿಕೊಂಡರು. ನಿರ್ಧಾರದ ಮಾತನ್ನು ಜಗಳವಿದ್ದವರೇ ಮುಖಾಮುಖಿ ಆಡಿದರು.

ಗುಟ್ಟಿಗೆ ಬೆಲೆಯೂ ಇತ್ತು. ಗಲ್ಫ್‌ನ ನೆರೆಹೊರೆಯಲ್ಲಿ, ಅದರಲ್ಲೂ ಸೌದಿ ಅರೇಬಿಯಾದಲ್ಲಿ ಅಸಮಾಧಾನ ಹುಟ್ಟಿತು. ಬಾಂಬ್ ಸಿಡಿದರೆ ಮೊದಲು ಪೆಟ್ಟು ತಿನ್ನುವವರು ನಾವು, ನಮ್ಮನ್ನೇ ಕೇಳದೆ ಮಾತುಕತೆ ನಡೆಯಿತಲ್ಲ ಎನ್ನುವುದು ಆ ಅಸಮಾಧಾನ. ಅದರಲ್ಲಿ ನ್ಯಾಯವಿದೆ ಎಂದೇ ನನ್ನ ಅನಿಸಿಕೆ. ಮುಚ್ಚಿದ ಕೋಣೆ ಇಲ್ಲದೆ ಒಪ್ಪಂದ ಹುಟ್ಟುತ್ತಿರಲಿಲ್ಲ. ಆದರೆ ಕೋಣೆಯ ಹೊರಗೆ ಉಳಿದವರ ಬೆಂಬಲ ಆ ಒಪ್ಪಂದಕ್ಕೆ ಕೊನೆವರೆಗೂ ಪೂರ್ತಿ ಸಿಗಲಿಲ್ಲ.

ಕೂಡಿಬಂದದ್ದು, ಮುರಿದುಬಿದ್ದದ್ದು

2015ರ ಜುಲೈ 14ರಂದು ವಿಯೆನ್ನಾದಲ್ಲಿ ಪೂರ್ಣ ಒಪ್ಪಂದಕ್ಕೆ ಎಲ್ಲರೂ ಒಪ್ಪಿದರು. ಒಂದು ಕಡೆ ಇರಾನ್, ಇನ್ನೊಂದು ಕಡೆ ಅಮೆರಿಕ, ಬ್ರಿಟನ್, ಫ್ರಾನ್ಸ್, ಜರ್ಮನಿ, ರಷ್ಯಾ, ಚೀನಾ ಮತ್ತು ಯುರೋಪಿಯನ್ ಒಕ್ಕೂಟ. ಸಂವರ್ಧನೆ ಶೇ. 3.67 ದಾಟಬಾರದು, ಸಂವರ್ಧಿತ ಯುರೇನಿಯಂ ದಾಸ್ತಾನು 300 ಕಿಲೋ ಮೀರಬಾರದು. ಇವೆರಡೂ 15 ವರ್ಷ. ನತಾಂಜ್‌ನಲ್ಲಿ 10 ವರ್ಷ 5,060 ಹಳೆಯ ಮಾದರಿಯ ಸೆಂಟ್ರಿಫ್ಯೂಜ್‌ಗಳು ಮಾತ್ರ ತಿರುಗಬೇಕು. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ತನಿಖಾಧಿಕಾರಿಗಳಿಗೆ ಬಾಗಿಲು ತೆರೆದಿರಬೇಕು. ಬದಲಿಗೆ ನಿರ್ಬಂಧಗಳು ಸಡಿಲವಾಗಬೇಕು. ಆ ಡಿಸೆಂಬರಿನಲ್ಲೇ ಇರಾನ್ ತನ್ನ ದಾಸ್ತಾನಿನ ಸುಮಾರು 11 ಟನ್ ಸಂವರ್ಧಿತ ಯುರೇನಿಯಂ ಅನ್ನು ಹಡಗಿನಲ್ಲಿ ರಷ್ಯಾಕ್ಕೆ ಕಳಿಸಿತು. ಭಾರಜಲಕ್ಕೂ ಮಿತಿ ಇತ್ತು. 2016ರಲ್ಲಿ ಆ ಮಿತಿ ಮೀರಿದಾಗ ಹೆಚ್ಚುವರಿ 11 ಟನ್ ಭಾರಜಲವನ್ನು ಇರಾನ್ ಸಾಗಿಸಿದ್ದು ಒಮಾನಿಗೆ. ಮಧ್ಯಸ್ಥನ ಮನೆ ಈ ಬಾರಿ ಉಗ್ರಾಣವೂ ಆಯಿತು.

2018ರ ಮೇ 8ರಂದು ಅಧ್ಯಕ್ಷ ಟ್ರಂಪ್ ಅಮೆರಿಕವನ್ನು ಒಪ್ಪಂದದಿಂದ ಹೊರಗೆ ತಂದರು. ಮಾರನೆಯ ವರ್ಷದಿಂದ ಇರಾನ್ ಒಂದೊಂದೇ ಮಿತಿಯನ್ನು ದಾಟತೊಡಗಿತು. 2021ರಲ್ಲಿ ಸಂವರ್ಧನೆ ಶೇ. 60ಕ್ಕೆ ಏರಿತು. ವಿದ್ಯುತ್ ಸ್ಥಾವರಕ್ಕೆ ಅಷ್ಟು ಬೇಕಿಲ್ಲ, ಅಲ್ಲಿಂದ ಶೇ. 90ಕ್ಕೆ ಹೋಗುವ ದಾರಿ ಚಿಕ್ಕದು.

ಒಪ್ಪಂದ ಮುರಿದಾಗ ಒಮಾನನ್ನು ಯಾರೂ ಕೇಳಲಿಲ್ಲ. ಕೇಳಬೇಕಾದ ಕಾರಣವೂ ಯಾರಿಗೂ ಇರಲಿಲ್ಲ. ಚಿಕ್ಕ ದೇಶದ ಮಧ್ಯಸ್ಥಿಕೆಯ ಮಿತಿ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಇಬ್ಬರನ್ನೂ ಕೂರಿಸುವ ಶಕ್ತಿ ಅದಕ್ಕಿದೆ, ಎದ್ದು ಹೋಗುವವರನ್ನು ಹಿಡಿದು ನಿಲ್ಲಿಸುವ ಶಕ್ತಿ ಇಲ್ಲ. ಊರಿನ ಪಂಚಾಯಿತಿಕೆ ಮಾಡುವ ಹಿರಿಯರ ಮಾತಿಗೆ ಹಿಂದೆ ಇಡೀ ಊರಿನ ಬಲ ಇರುತ್ತಿತ್ತು. ಒಮಾನಿನ ಹಿಂದೆ ಹಾಗೆ ನಿಲ್ಲುವ ಊರು ಇಲ್ಲ.

2025: ಎರಡು ಕೋಣೆಗಳು

ಸುಲ್ತಾನ್ ಕಾಬೂಸ್ 2020ರ ಜನವರಿ 10ರಂದು ತೀರಿಕೊಂಡರು. ಸುಲ್ತಾನ್ ಹೈಥಂ ಪಟ್ಟಕ್ಕೆ ಬಂದರು. ಒಬ್ಬ ವ್ಯಕ್ತಿಯ ವರ್ಚಸ್ಸಿನಿಂದ ನಡೆದ ಕೆಲಸ ಅವರೊಂದಿಗೇ ಮುಗಿಯಬಹುದು ಎಂಬ ಅನುಮಾನ ಹಲವರಿಗಿತ್ತು. ಹಾಗಾಗಲಿಲ್ಲ. 2025ರಲ್ಲಿ ಮತ್ತೆ ಅಧಿಕಾರಕ್ಕೆ ಬಂದ ಅದೇ ಟ್ರಂಪ್ ಇರಾನಿಗೆ ಪತ್ರ ಬರೆದಾಗ ಮಾತುಕತೆಗೆ ಸಿಕ್ಕ ಜಾಗ ಮತ್ತೆ ಮಸ್ಕತ್.

ಏಪ್ರಿಲ್ 12ರ ಮೊದಲ ಸುತ್ತಿನಲ್ಲಿ ಅಮೆರಿಕದ ದೂತ ಸ್ಟೀವ್ ವಿಟ್ಕಾಫ್ ಒಂದು ಕೋಣೆಯಲ್ಲಿ, ಇರಾನಿನ ವಿದೇಶಾಂಗ ಸಚಿವ ಅಬ್ಬಾಸ್ ಅರಾಗ್ಚಿ ಇನ್ನೊಂದು ಕೋಣೆಯಲ್ಲಿ. ಒಮಾನಿನ ವಿದೇಶಾಂಗ ಸಚಿವ ಬದ್ರ್ ಅಲ್ ಬುಸೈದಿ ಆ ಕೋಣೆಯಿಂದ ಈ ಕೋಣೆಗೆ ಮಾತುಗಳನ್ನು ಒಯ್ಯುತ್ತಿದ್ದರು. ಸುಮಾರು ಎರಡೂವರೆ ಗಂಟೆ ಹೀಗೆ ನಡೆದ ಮೇಲೆ, ಹೊರಡುವ ಹೊತ್ತಿಗೆ ಇಬ್ಬರೂ ಕೆಲವು ನಿಮಿಷ ನೇರ ಮಾತಾಡಿದರು. 2013ರಲ್ಲಿ ಮುಖಾಮುಖಿ ಕೂತಿದ್ದವರು 2025ರಲ್ಲಿ ಗೋಡೆಯ ಆಚೀಚೆ ಕೂತರು ಎನ್ನುವುದರಲ್ಲೇ ನಡುವೆ ಎಷ್ಟು ನಂಬಿಕೆ ಕಳೆದುಹೋಗಿತ್ತು ಎಂಬುದು ತಿಳಿಯುತ್ತದೆ. ಮನೆ ಕೊಡುತ್ತಿದ್ದವರು ಈಗ ಮಾತನ್ನೂ ಹೊರಬೇಕಾಯಿತು.

ಎರಡನೆಯ ಮತ್ತು ಐದನೆಯ ಸುತ್ತು ರೋಮ್‌ನಲ್ಲಿ ಒಮಾನಿನ ಮಧ್ಯಸ್ಥಿಕೆಯಲ್ಲೇ ನಡೆದವು. ಮೂರನೆಯದು, ನಾಲ್ಕನೆಯದು ಮಸ್ಕತ್‌ನಲ್ಲಿ. ಸಂವರ್ಧನೆ ಪೂರ್ತಿ ನಿಲ್ಲಬೇಕೋ, ಮಿತಿಯೊಳಗೆ ಉಳಿಯಬಹುದೋ ಎಂಬ ಗಂಟು ಬಿಚ್ಚಲಿಲ್ಲ. ಜೂನ್ 13ರಂದು ಇಸ್ರೇಲ್ ದಾಳಿ ಮಾಡಿತು. ಜೂನ್ 22ರಂದು ಅಮೆರಿಕ ಫೋರ್ಡೊ, ನತಾಂಜ್, ಇಸ್ಫಹಾನ್ ಘಟಕಗಳ ಮೇಲೆ ಬಾಂಬ್ ಹಾಕಿತು. ಮಾರನೆಯ ದಿನ ಕತಾರಿನ ಅಲ್ ಉದೈದ್ ನೆಲೆಯತ್ತ ಇರಾನಿನ ಕ್ಷಿಪಣಿಗಳು ಹೊರಟಾಗ ಕುವೈತ್ ಕೂಡ ತನ್ನ ವಾಯುಮಾರ್ಗವನ್ನು ಸ್ವಲ್ಪ ಹೊತ್ತು ಮುಚ್ಚಿತು. ಜೂನ್ 24ರಂದು ಕದನವಿರಾಮ ಬಂತು. ಸೆಪ್ಟೆಂಬರ್ ಕೊನೆಯಲ್ಲಿ ವಿಶ್ವಸಂಸ್ಥೆಯ ಹಳೆಯ ನಿರ್ಬಂಧಗಳೂ ಮತ್ತೆ ಜಾರಿಯಾದವು. ದಾಳಿಗೆ ಮೊದಲು ಇರಾನಿನಲ್ಲಿ ಶೇ. 60ರ ಯುರೇನಿಯಂ 440 ಕಿಲೋ ಇತ್ತೆಂದು ಅಂತರರಾಷ್ಟ್ರೀಯ ಸಂಸ್ಥೆ ಅಂದಾಜಿಸಿತ್ತು. ಬಾಂಬ್ ಬಿದ್ದ ಮೇಲೆ ಆ ದಾಸ್ತಾನನ್ನು ಕಣ್ಣಾರೆ ಕಂಡು ತೂಗಿ ನೋಡುವ ಅವಕಾಶ ತನಿಖಾಧಿಕಾರಿಗಳಿಗೆ ತಪ್ಪಿತು. 2016ರಲ್ಲಿ ಒಪ್ಪಂದದ ಬಲದಿಂದ ಪ್ರತಿ ಕಿಲೋಗೂ ಲೆಕ್ಕ ಇತ್ತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಸೋತ ಸಂಧಾನಕ್ಕೆ ಬೆಲೆ ಇದೆಯೇ?

ನಮ್ಮ ಕಡೆ ತಾಳಮದ್ದಳೆಯಲ್ಲಿ ಕೃಷ್ಣ ಸಂಧಾನದ ಪ್ರಸಂಗ ಇಡೀ ರಾತ್ರಿ ನಡೆಯುತ್ತದೆ. ಸಂಧಾನ ಸೋಲುತ್ತದೆ, ಯುದ್ಧ ಆಗಿಯೇ ಆಗುತ್ತದೆ ಎಂದು ಕೂತವರಿಗೆಲ್ಲ ಗೊತ್ತು. ಆದರೂ ಜನ ಬೆಳಗಿನವರೆಗೆ ಕೇಳುತ್ತಾರೆ. ಕೃಷ್ಣ ಹಸ್ತಿನಾವತಿಯಲ್ಲಿ ಉಳಿದದ್ದು ದುರ್ಯೋಧನನ ಅರಮನೆಯಲ್ಲಲ್ಲ, ವಿದುರನ ಮನೆಯಲ್ಲಿ. ಸಂಧಾನಕ್ಕೆ ಎರಡೂ ಪಕ್ಷಕ್ಕೆ ಸೇರದ ಒಂದು ಮನೆ ಬೇಕೆಂಬುದು ನಮಗೆ ಹೊಸ ಪಾಠವಲ್ಲ. ಆದರೆ ಮಹಾಭಾರತದಲ್ಲಿ ಸಂಧಾನ ಒಂದೇ ಸಲ ಸೋತು ಕಥೆ ಮುಂದೆ ಹೋಗುತ್ತದೆ. ನಿಜ ಜೀವನದಲ್ಲಿ ಸೋತ ಮೇಲೂ ಮತ್ತೆ ಹೋಗಬೇಕಾಗುತ್ತದೆ. ಇದಕ್ಕೆ ನಮ್ಮ ನಾಡಿನ ಇಬ್ಬರ ಉದಾಹರಣೆ ಇದೆ.

1950ರ ನವೆಂಬರ್ 30ರಂದು ಅಮೆರಿಕದ ಅಧ್ಯಕ್ಷ ಟ್ರೂಮನ್ ಪತ್ರಿಕಾಗೋಷ್ಠಿಯಲ್ಲಿ ಕೊರಿಯಾ ಯುದ್ಧದಲ್ಲಿ ಅಣುಬಾಂಬಿನ ಬಳಕೆಯೂ ಪರಿಶೀಲನೆಯಲ್ಲಿದೆ ಎಂಬರ್ಥದ ಮಾತಾಡಿದರು. ಜಗತ್ತು ನಡುಗಿತು. ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ಕದನವಿರಾಮಕ್ಕೆ ದಾರಿ ಹುಡುಕಲು ಮೂವರ ಗುಂಪು ರಚಿಸಿತು. ಕೆನಡಾದ ಲೆಸ್ಟರ್ ಪಿಯರ್ಸನ್, ಇರಾನಿನ ನಸ್ರುಲ್ಲಾ ಇಂತಿಜಾಂ, ಮೂರನೆಯವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್. ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಅದೇ ಬಿ. ಎನ್. ರಾವ್. ಅಣುಬಾಂಬಿನ ನೆರಳಿನಲ್ಲಿ ಶಾಂತಿ ಹುಡುಕಲು ಇರಾನಿನವರೊಬ್ಬರೂ ನಮ್ಮ ಕರಾವಳಿಯವರೊಬ್ಬರೂ ಒಂದೇ ಮೇಜಿನ ಮುಂದೆ ಕೂತಿದ್ದರು ಎಂಬುದು ಇಂದು ನೆನೆದರೆ ಅಚ್ಚರಿ. ಅವರ ಪ್ರಯತ್ನ ಸೋತಿತು. 1951ರ ಜನವರಿಯಲ್ಲಿ ಚೀನಾ ಅವರ ಸೂತ್ರಗಳನ್ನು ತಳ್ಳಿಹಾಕಿತು.

ಆದರೆ ಭಾರತ ಬಿಡಲಿಲ್ಲ. ಯುದ್ಧಕೈದಿಗಳ ಪ್ರಶ್ನೆಯೇ ಗಂಟಾಗಿ ಉಳಿದಾಗ 1952ರ ಕೊನೆಗೆ ಭಾರತ ಮಂಡಿಸಿದ ಸೂತ್ರವನ್ನು ವಿಶ್ವಸಂಸ್ಥೆ ಒಪ್ಪಿತು. ಚೀನಾ ಮೊದಲು ಅದನ್ನೂ ತಿರಸ್ಕರಿಸಿತು. 1953ರ ಜುಲೈ 27ರಂದು ಕದನವಿರಾಮ ಆದಾಗ ಅದೇ ಸೂತ್ರದ ಛಾಯೆ ಅದರಲ್ಲಿತ್ತು. ಮನೆಗೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಕೈದಿಗಳ ಹೊಣೆ ಹೊತ್ತ ಐದು ತಟಸ್ಥ ದೇಶಗಳ ಆಯೋಗಕ್ಕೆ ಅಧ್ಯಕ್ಷರಾದವರು ನಮ್ಮ ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯ. ರಾಯರ ಸೋಲು ಮತ್ತು ತಿಮ್ಮಯ್ಯನವರ ಕೆಲಸದ ನಡುವೆ ಎರಡೂವರೆ ವರ್ಷ ಇತ್ತು, ಲಕ್ಷಾಂತರ ಸಾವುಗಳಿದ್ದವು. ಮೊದಲ ಸೋಲಿನ ನಂತರ ಭಾರತ ಮುನಿಸಿಕೊಂಡು ದೂರ ಸರಿದಿದ್ದರೆ ಎರಡೂ ಕಡೆಯವರು ಒಪ್ಪುವ ಅಧ್ಯಕ್ಷರು ಅಷ್ಟು ಸುಲಭವಾಗಿ ಸಿಗುತ್ತಿರಲಿಲ್ಲ.

ಕುವೈತಿನ ಪಾಲು

ನಾವು ನೆಲೆಸಿರುವ ಈ ನಾಡಿಗೂ ಈ ಕಥೆಯಲ್ಲಿ ಜಾಗವಿದೆ. 1990ರ ಆಗಸ್ಟ್ 2ರ ಆಕ್ರಮಣವನ್ನು ಕಂಡ ಹಿರಿಯರು ನಮ್ಮ ಸಂಘದಲ್ಲಿದ್ದಾರೆ. ಅಮ್ಮಾನ್ ಮೂಲಕ ವಿಮಾನದಲ್ಲಿ ಊರು ತಲುಪಿದ ಸುಮಾರು 1.7 ಲಕ್ಷ ಭಾರತೀಯರಲ್ಲಿ ಅವರೂ ಇದ್ದರು. ಯುದ್ಧ ಮುಗಿದ ಮೇಲೆ 1991ರ ಏಪ್ರಿಲ್ 3ರಂದು ಭದ್ರತಾ ಮಂಡಳಿ 687ನೆಯ ನಿರ್ಣಯ ಮಾಡಿತು. ಕುವೈತ್-ಇರಾಕ್ ಗಡಿ ಗುರುತಿಸುವ ಮಾತು, ಇರಾಕಿನ ಪರಮಾಣು, ರಾಸಾಯನಿಕ, ಜೈವಿಕ ಅಸ್ತ್ರಗಳನ್ನು ಇಲ್ಲವಾಗಿಸುವ ಮಾತು ಎರಡೂ ಅದರಲ್ಲಿವೆ. ಅದೇ ನಿರ್ಣಯದ 14ನೆಯ ಪರಿಚ್ಛೇದ, ಇದು ಇಡೀ ಮಧ್ಯಪ್ರಾಚ್ಯವನ್ನು ಸಾಮೂಹಿಕ ನಾಶದ ಅಸ್ತ್ರಗಳಿಂದ ಮುಕ್ತಗೊಳಿಸುವ ಗುರಿಯ ಕಡೆಗಿನ ಹೆಜ್ಜೆ ಎಂದು ಹೇಳುತ್ತದೆ. ಅಂಥ ಪರಮಾಣುಮುಕ್ತ ವಲಯದ ಪ್ರಸ್ತಾಪವನ್ನು 1974ರಲ್ಲಿ ವಿಶ್ವಸಂಸ್ಥೆಯ ಮುಂದೆ ಇಟ್ಟವರು ಇರಾನ್ ಮತ್ತು ಈಜಿಪ್ಟ್ ಎಂಬುದು ಹಲವರಿಗೆ ನೆನಪಿಲ್ಲ.

ಈ ಗುರಿಗಾಗಿ ವಿಶ್ವಸಂಸ್ಥೆ 2019ರಿಂದ ನ್ಯೂಯಾರ್ಕ್‌ನಲ್ಲಿ ಸಮ್ಮೇಳನ ನಡೆಸುತ್ತಿದೆ. 2021ರ ನವೆಂಬರ್ 29ರಿಂದ ಡಿಸೆಂಬರ್ 3ರವರೆಗೆ ನಡೆದ ಎರಡನೆಯ ಅಧಿವೇಶನದ ಅಧ್ಯಕ್ಷತೆ ಕುವೈತಿನದು. ರಾಯಭಾರಿ ಮನ್ಸೂರ್ ಅಲ್ ಒತೈಬಿ ಅದನ್ನು ನಡೆಸಿದರು. ಇರಾನ್ ಮತ್ತು ಅರಬ್ ದೇಶಗಳು ಒಂದೇ ಸಭೆಯಲ್ಲಿ ಕೂತವು. ಇಸ್ರೇಲ್ ಬರಲಿಲ್ಲ, ಅಮೆರಿಕವೂ ಬರಲಿಲ್ಲ. ಆದರೂ ಸಭೆ ನಡೆಸುವ ನಿಯಮಗಳಿಗೆ ಒಪ್ಪಿಗೆ ಸಿಕ್ಕಿತು, ಅಧಿವೇಶನಗಳ ನಡುವೆ ಕೆಲಸ ಮುಂದುವರಿಸಲು ಒಂದು ಸಮಿತಿ ರಚನೆಯಾಯಿತು. ಪತ್ರಿಕೆಯ ಮುಖಪುಟಕ್ಕೆ ಬರುವ ಸುದ್ದಿ ಅದಲ್ಲ. ಆದರೆ ಒಂದು ದಿನ ಎಲ್ಲರೂ ಬಂದಾಗ ಕೂರಲು ಮೇಜು ಸಿದ್ಧವಿರಬೇಕಲ್ಲ.

ಅದಕ್ಕೂ ಮೊದಲು ದಿವಂಗತ ಅಮೀರ್ ಶೇಖ್ ಸಬಾಹ್ ಅಲ್ ಅಹ್ಮದ್ 2014ರ ಜೂನ್‌ನಲ್ಲಿ ಸ್ವತಃ ತೆಹರಾನಿಗೆ ಹೋಗಿ ಬಂದಿದ್ದರು. 2017ರ ಜನವರಿಯಲ್ಲಿ ಗಲ್ಫ್ ದೇಶಗಳ ಪರವಾಗಿ ಇರಾನಿಗೆ ಪತ್ರ ಒಯ್ದವರು ಕುವೈತಿನ ವಿದೇಶಾಂಗ ಸಚಿವರು. ಮುಂದಿನ ತಿಂಗಳೇ ರೂಹಾನಿ ಒಂದೇ ದಿನದಲ್ಲಿ ಮಸ್ಕತ್ ಮತ್ತು ಕುವೈತ್ ಎರಡಕ್ಕೂ ಭೇಟಿ ಕೊಟ್ಟರು. ಒಮಾನಿನಷ್ಟು ಸದ್ದಿಲ್ಲದ ದಾರಿ ಕುವೈತಿನದಲ್ಲ. ಯುದ್ಧ ಎಂದರೇನು ಎಂದು ತನ್ನ ಮೈಮೇಲೆ ಅನುಭವಿಸಿದ ದೇಶದ ಎಚ್ಚರಿಕೆಯ ದಾರಿ ಅದು.

ಕೊನೆಯಲ್ಲಿ

ಮಧ್ಯಸ್ಥಿಕೆ ವಹಿಸುವ ಚಿಕ್ಕ ದೇಶವನ್ನು ಹೊಗಳುವಾಗ ಅದು ಪುಣ್ಯಕ್ಕಾಗಿ ಈ ಕೆಲಸ ಮಾಡುತ್ತದೆ ಎಂದು ಹೇಳಬೇಕಾಗಿಲ್ಲ. ಎರಡು ದೊಡ್ಡ ಆನೆಗಳು ಕಾದಾಡಿದರೆ ತನ್ನ ಗದ್ದೆ ಹಾಳಾಗುತ್ತದೆ ಎಂಬುದು ಒಮಾನಿಗೆ ಗೊತ್ತು. ಅದರ ಸ್ವಾರ್ಥವೂ ನಮ್ಮ ಸ್ವಾರ್ಥವೂ ಇಲ್ಲಿ ಒಂದೇ. ಈ ಕೊಲ್ಲಿಯ ನೀರು ಕುಡಿಯುವ ಪ್ರತಿಯೊಬ್ಬರ ಸ್ವಾರ್ಥವೂ ಅದೇ. ಒಮಾನ್ ಇಬ್ಬರಿಗೂ ಬಾಗಿಲು ತೆರೆದಿಟ್ಟಿತು, ಮೂವರು ಯುವಜನರ ಬಿಡುಗಡೆಯಂಥ ಚಿಕ್ಕ ಕೆಲಸದಿಂದ ನಂಬಿಕೆ ಗಳಿಸಿತು, ಗೆದ್ದಾಗ ಜಂಬ ಕೊಚ್ಚಲಿಲ್ಲ, ಸೋತಾಗ ಬಾಗಿಲು ಹಾಕಲಿಲ್ಲ. ಒಪ್ಪಂದ ಉಳಿಸುವ ಬಲ ಅದಕ್ಕೆ ಇರಲಿಲ್ಲ. ಆ ಬಲ ಕೊಡಬೇಕಾದವರು ದೊಡ್ಡ ದೇಶಗಳು, ಮತ್ತು 2013ರಲ್ಲಿ ಕೋಣೆಯ ಹೊರಗೆ ಉಳಿದಿದ್ದ ನೆರೆಹೊರೆಯವರು.

ಜೂನ್ ಕದನವಿರಾಮದ ನಂತರ ಒಂದು ಸಂಜೆ ಮತ್ತೆ ಫಿಂಟಾಸ್ ದಂಡೆಗೆ ಹೋದೆವು. ಸೆಕೆ ತಡೆಯಲಾರದಷ್ಟಿದ್ದರೂ ಮಕ್ಕಳು ನೀರಿಗೆ ಇಳಿದೇ ಬಿಟ್ಟರು. ತಂದಿಟ್ಟಿದ್ದ ನೀರಿನ ಪೆಟ್ಟಿಗೆಗಳು ಅಡುಗೆಮನೆಯಲ್ಲಿ ಹಾಗೆಯೇ ಇದ್ದವು. ಅವನ್ನು ಖಾಲಿ ಮಾಡಲು ಆಗಸ್ಟ್‌ವರೆಗೆ ಹಿಡಿಯಿತು. ಅಮ್ಮನಿಗೆ ಫೋನ್ ಮಾಡಿ ಈ ಸಲ ನಿಜ ಹೇಳಿದೆ: ಇರಾನ್ ಹತ್ತಿರವೇ ಇದೆ ಅಮ್ಮಾ, ಮಂಗಳೂರಿನಿಂದ ಬೆಂಗಳೂರಿನಷ್ಟು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅವರು ಮಾತಾಡಿಕೊಳ್ಳುವುದು ಒಳ್ಳೆಯದಪ್ಪ" ಎಂದರು.